ನಮ್ಮತ್ತೆಯ ಕೆಂಪು ಪಾಚಿ

ನಮ್ಮ ಸೋದರತ್ತೆ ಜೀವಮಾನದಲ್ಲಿ ಮನಸಾರೆ ಪ್ರೀತಿಸಿದ್ದು ಒಂದೇ ಒಂದನ್ನು. ಅದು ಪಾಚಿ! ಮಾವನಿಗೂ ಈ ವಿಷಯ ಗೊತ್ತು. ಮೊದಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದರಂತೆ. ಈಗ ರೂಢಿಯಾಗಿದೆ.

ಅತ್ತೆ ಉರಿಗಾಂನ ಶಾಲೆಯೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಚಿನ್ನಕ್ಕಾಗಿ ಭೂಮಿಗೆ ತೂತು ಕೊರೆದ ಊರಿನಲ್ಲಿದ್ದುಕೊಂಡು ಈ ಹೆಂಗಸು ಹುಡುಕಿದ್ದೇನು? ಬಂಗಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ, ಬಂಡೆಗುಡ್ಡದ ಬುಡದ ಒರತೆ ಕಾಲುವೆಯಲ್ಲಿ, ಹೊಂಗೆಮರದ ನೆರಳಿನ ಕಲ್ಲುಗಳಿಗೆ ಅಂಟಿಕೊಂಡ ಲೋಳೆ! ಹೆಸರು ಕೆಂಪು ಪಾಚಿ. ಬಣ್ಣ ಮಾತ್ರ ಮಾಸಿದ ಹಸಿರು.

"ಏನ್ ಟೀಚರಮ್ಮಾ, ಸೆವಪ್ಪು ಅಂತೀರ, ಇದು ಪಚ್ಚೆಯಾಗೈತಲ್ಲಾ?" ಎಂದು ಪಕ್ಕದ ಮನೆಯ ತಮಿಳು ಹೆಂಗಸು ಕೇಳಿದ್ದೇ ತಪ್ಪಾಯಿತು. ಒಲೆಯ ಮೇಲೆ ಸಾರು ಸೀಯುವವರೆಗೂ ಪಾಠ ನಡೆಯಿತು. ಕೆಂಪು ಬಣ್ಣ ಒಳಗಿದೆಯಂತೆ, ಬೇರೆ ಬಣ್ಣಗಳು ಅದನ್ನು ಮುಚ್ಚಿವೆಯಂತೆ. ಸಮುದ್ರದಲ್ಲಿರುವ ಇದರ ಬಳಗವೆಲ್ಲ ಕೆಂಪಗಿದೆಯಂತೆ. "ಮೈಬಣ್ಣ ನೋಡಿ ಜಾತಿ ಹೇಳೋಕಾಗಲ್ಲಮ್ಮ!" ಎಂದು ಅತ್ತೆ ಮುಗಿಸಿದರು. ಅಂದಿನಿಂದ ಆ ಮನೆಯಾಕೆ ಸಕ್ಕರೆ ಕೇಳುವುದಕ್ಕೂ ಬರಲಿಲ್ಲ.

ಒಮ್ಮೆ ಅತ್ತೆ ಒಂದು ಎಳೆಯನ್ನು ಲೋಟದ ನೀರಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ನಡುವೆ ಒಂದು ದಾರ, ಅದರ ಗೆಣ್ಣು ಗೆಣ್ಣಿಗೂ ಸುತ್ತ ಕುಚ್ಚಿನಂಥ ಕೂದಲು, ಮೇಲೆ ಲೋಳೆಯ ಹೊದಿಕೆ. ನೋಡಿದರೆ ಥೇಟ್ ಕಪ್ಪೆಮೊಟ್ಟೆಯ ಸರ. ಬಿಸಿಲಲ್ಲಿ ಬಂದ ಮಾವನ ಕಣ್ಣಿಗೆ ಅದು ನೆನೆಸಿಟ್ಟ ಕಾಮಕಸ್ತೂರಿ ಬೀಜದಂತೆ ಕಂಡಿತು. ನಿಂಬೆಹಣ್ಣು ಹಿಂಡಿ ಗಟಗಟನೆ ಕುಡಿದುಬಿಟ್ಟರು!

ಅತ್ತೆ ಗೊಳೋ ಎಂದು ಅತ್ತರು. "ನಂಗೇನೂ ಆಗಿಲ್ಲ ಬಿಡೇ" ಎಂದು ಮಾವ ಸಮಾಧಾನ ಮಾಡಲು ಹೋದರು.

"ನಿಮಗೋಸ್ಕರ ಅಲ್ಲ ರೀ ನಾನು ಅಳ್ತಿರೋದು! ಇಡೀ ಕಾಲುವೆಯಲ್ಲಿ ಅಷ್ಟು ಚೆನ್ನಾಗಿ ಬೆಳೆದಿದ್ದು ಅದೊಂದೇ!"

ಇಂಥ ಅತ್ತೆ ಹೋದ ಚಳಿಗಾಲದಲ್ಲಿ ಅದೇ ಪಾಚಿಯ ಮೇಲೆ ಕಾಲಿಟ್ಟು, ಜಾರಿ ಬಿದ್ದು, ಕಣಕಾಲು ಮುರಿದುಕೊಂಡರು. ಪ್ರೀತಿಸಿದವರೇ ಬೀಳಿಸುವುದು ಎಂದರೆ ಇದೇ ಅಲ್ಲವೇ? ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದ ವಾರವೇ ಹಳ್ಳಿಯಿಂದ ಸುದ್ದಿ ಬಂತು. ಯಾರೋ ದೊಡ್ಡ ಸಾಹೇಬರು ಸ್ವಚ್ಛತೆ ನೋಡಲು ಬರುತ್ತಾರಂತೆ. ಕಾಲುವೆಯ ಕಲ್ಲುಗಳನ್ನೆಲ್ಲ ತಂತಿ ಬ್ರಷ್ಷಿನಲ್ಲಿ ಉಜ್ಜಿ ಬ್ಲೀಚಿಂಗ್ ಪೌಡರ್ ಸುರಿಯಬೇಕೆಂದು ಪಂಚಾಯ್ತಿ ಮೆಂಬರು ಹುಕುಂ ಮಾಡಿದ್ದಾನಂತೆ.

ಅತ್ತೆ ಅವನಿಗೆ ಫೋನ್ ಮಾಡಿದರು. "ಕೊಳಕು ನೀರಲ್ಲಿ ಇದು ಬದುಕೋದೇ ಇಲ್ಲಪ್ಪ. ಇದು ಇದೆ ಅಂದ್ರೆ ನಿಮ್ಮೂರ ನೀರು ಚೊಕ್ಕವಾಗಿದೆ ಅಂತ ಅರ್ಥ!"

"ಅದು ಸರಿ ಮೇಡಂ, ಫೋಟೋದಾಗೆ ಚೊಕ್ಕ ಕಾಣಾಕಿಲ್ವಲ್ಲ!" ಎಂದನಂತೆ ಅವನು.

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಪಾಠ ಮಾಡದ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು. ಮಾವನಿಗೆ ಮಾತ್ರ ಇದೊಂದೂ ತಟ್ಟಿದಂತೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ, "ಪಿಂಚಣಿದಾರರ ಮೀಟಿಂಗ್ ಐತೆ" ಎಂದು ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೊರಟೇಬಿಟ್ಟರು. ಎಂಥ ಗಂಡಸಪ್ಪ! ನನಗೇ ಸಿಟ್ಟು ಬಂತು. ಬೈಕ್ ಹತ್ತಿ ಹಳ್ಳಿಗೆ ಹೋದೆ.

ಹೋಗಿ ನೋಡಿದರೆ ಕಾಲುವೆಯ ನಡುವೆ ಮಾವ! ಮಂಡಿವರೆಗೆ ಮಡಚಿದ್ದ ಪ್ಯಾಂಟು ಜಾರಿ ತೊಪ್ಪೆಯಾಗಿದೆ. ದಡದಲ್ಲಿ ಮೆಂಬರು, ಬ್ರಷ್ ಹಿಡಿದ ಇಬ್ಬರು ಆಳುಗಳು, ಬಟ್ಟೆ ಒಗೆಯುವುದನ್ನು ಬಿಟ್ಟು ನಿಂತ ಹೆಂಗಸರು. ಜೀವಮಾನವೆಲ್ಲ ಫ್ಯಾಕ್ಟರಿಯಲ್ಲಿ ನಟ್ಟು ಬಿಗಿದ ಮನುಷ್ಯ ಪಾಠ ಮಾಡುತ್ತಿದ್ದರು!

"ಇದ್ರಾಗೆ ಗಂಡಿನ ಕಣಕ್ಕೆ ಬಾಲ ಇಲ್ಲ ಕಣಮ್ಮ, ಈಜಾಕೆ ಬರಾಕಿಲ್ಲ. ನೀರು ಎಳಕೊಂಡು ಓದ ಕಡೆ ಓಯ್ತದೆ. ಎಣ್ಣು ಕೂದಲಂಗೆ ಒಂದು ಕೈ ಚಾಚ್ಕೊಂಡು ಕಾಯ್ತಾ ಇರ್ತದೆ. ಅದಕ್ಕೆ ತಗಲಾಕ್ಕೊಂಡ್ರೆ ಸಂಸಾರ! ಆ ಸಂಸಾರ ತಾಯಿ ಮೈಮ್ಯಾಲೇ ಗಂಟಾಗಿ ಬೆಳೆದು, ಬೀಜದಂಗೆ ಕಣ ಉದುರ್ತವೆ. ಅವು ಕಲ್ಲಿಗೆ ಅಂಟ್ಕೊಂಡು ಸಣ್ಣ ಕುಚ್ಚಾಗಿ ಬ್ಯಾಸಿಗೆಯೆಲ್ಲಾ ಇರ್ತವೆ, ಕಣ್ಣಿಗೇ ಬೀಳಾಕಿಲ್ಲ. ಚಳಿ ಬಂದಾಗ ಅವುಗಳ ಮ್ಯಾಲೇ ಈ ಮಣಿಸರ ಏಳ್ತದೆ. ಸರ ಕಿತ್ರೆ ಇನ್ನೊಂದು ಬಂದಾತು. ಕಲ್ಲು ಉಜ್ಜಿದ್ರೆ ವಂಶಾನೇ ಓಯ್ತು!"

ಮೆಂಬರು ತಲೆ ಕೆರೆದುಕೊಂಡ. ಒಬ್ಬ ಮುದುಕಿ ಅವನತ್ತ ತಿರುಗಿ, "ಲೇ, ಮ್ಯಾಲಿನ ನೀರು ನಾವು ಕುಡಿಯೋದು ಕಣ್ಲಾ! ಅದ್ಕೆ ಪೌಡರ್ ಸುರೀತೀಯಾ? ನಿನ್ನ ಫೋಟೋಗೆ ಈ ಬಟ್ಟೆ ಒಗೆಯೋ ಕಲ್ಲು ಉಜ್ಜಿಸ್ಕೊಂಡು ಓಗು!" ಎಂದು ಗದರಿದಳು. ಹಾಗೇ ಆಯಿತು. ಮೇಲ್ಗಡೆಯ ಮರದ ನೆರಳಿನ ಕಲ್ಲುಗಳು ಉಳಿದವು.

ಹಿಂದಿರುಗುವಾಗ ಬೈಕಿನ ಹಿಂದಿನಿಂದ ಮಾವ ಹೇಳಿದರು, "ಲೇ, ನಿಮ್ಮತ್ತೆಗೆ ನಾನು ಓಗಿದ್ದು ಯೋಳ್ಬೇಡ. ನಾನು ಇಷ್ಟು ದಿನ ಕೇಳಿಸ್ಕೊಂತಾ ಇದ್ದೆ ಅಂತ ಗೊತ್ತಾದ್ರೆ ಪಾಠ ನಿಲ್ಲಿಸೋದೇ ಇಲ್ಲ."

ಕಲ್ಲು ಉಳಿಯಿತೆಂದಷ್ಟೇ ನಾನು ಅತ್ತೆಗೆ ಹೇಳಿದೆ. ಅವರು ಎದ್ದು ಕುಳಿತರು. ಮುಖದಲ್ಲಿ ಜೀವ ಬಂತು. ಆಮೇಲೆ ಬಾಗಿಲಲ್ಲಿ ನಿಂತ ಮಾವನನ್ನು ಕೇಳಿದರು:

"ಹೇಗಿತ್ತು ರೀ ಮೀಟಿಂಗು?"

"ಬೋಂಡ ಚೆನ್ನಾಗಿತ್ತು."

ಅತ್ತೆಯ ದೃಷ್ಟಿ ಇನ್ನೂ ಒದ್ದೆಯಾಗಿದ್ದ ಅವರ ಪ್ಯಾಂಟಿನ ಮೇಲೆ ಒಂದು ಕ್ಷಣ ನಿಂತಿತು. ಮಂಚದ ಮೇಲಿದ್ದ ಟವೆಲ್ ತೆಗೆದು, "ಬನ್ನಿ, ಶೀತ ಆಗುತ್ತೆ" ಎಂದು ಕೈ ಚಾಚಿದರು.