ಕಿಟ್ಟಣ್ಣನ ಪಾನಕ ಪಟ್ಟಾಭಿಷೇಕ

ಈ ಸಲದ ರಾಮನವಮಿಗೆ ಟೆರೇಸಿನ ಪಾನಕ ತನ್ನದೇ ಎಂದು ಕಿಟ್ಟಣ್ಣ ಘೋಷಿಸಿದಾಗ ಮುಂಬೈ ಪಕ್ಕದ ಡೊಂಬಿವಲಿಯ, ಕರಾವಳಿಯವರೇ ತುಂಬಿದ ಆ ಐದು ಮಾಳಿಗೆಯ ಹೌಸಿಂಗ್ ಸೊಸೈಟಿಯೇನೂ ನಡುಗಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಮೂರು ಹೆಬ್ಬೆಟ್ಟು ಬಿದ್ದವು, ಅಷ್ಟೆ. ಮೊದಲ ಹೆಬ್ಬೆಟ್ಟು ಹೋದ ವರ್ಷ ಪಾನಕ ಮಾಡಿದ್ದ ಮೂರನೆಯ ಮಾಳಿಗೆಯ ಸರ್ವೋತ್ತಮನದು. ಕಿಟ್ಟಣ್ಣನಿಗೆ ಉರಿದದ್ದು ಅದೇ. ಸಿಂಹಾಸನ ಕಳೆದುಕೊಳ್ಳುವವನು ಸ್ವಲ್ಪವಾದರೂ ಮುಖ ಸಪ್ಪಗೆ ಮಾಡಿಕೊಳ್ಳಬೇಡವೇ?

"ನೋಡ್ತಾ ಇರು," ಎಂದರು ಹೆಂಡತಿಗೆ. "ನನ್ನ ಪಾನಕ ಕುಡಿದ ಮೇಲೆ ಈ ಬಿಲ್ಡಿಂಗಿನವರು ಉಳಿದ ಪಾನಕಕ್ಕೆಲ್ಲ ನೀರು ಅಂತ ಹೆಸರಿಡ್ತಾರೆ."

ಜಯಲತಾ ಬಸಳೆ ಬಿಡಿಸುತ್ತ ಕೂತಿದ್ದಳು. "ಅಡುಗೆಮನೆಯಲ್ಲಿ ನೀವು ಇಷ್ಟರವರೆಗೆ ಎಂತ ಮಾಡಿದ್ದುಂಟು?"

"ಯಾಕೆ, ಚಾ ಮಾಡ್ಲಿಲ್ವಾ?"

"ಮಾಡಿದ್ದೀರಿ. ಆ ಪಾತ್ರೆಯ ತಳ ನಾನಿನ್ನೂ ಉಜ್ಜುತ್ತಾ ಇದ್ದೇನೆ."

ಹೀಗೆ ಮಾತಾಡುವ ಹೆಂಗಸು ಹೋದ ವರ್ಷ ಅದೇ ಟೆರೇಸಿನಲ್ಲಿ ಮಾಡಿದ್ದೇನು? ಸರ್ವೋತ್ತಮ ಕಲಸಿದ ಮಾವಿನಕಾಯಿ ಪಾನಕ ಕುಡಿದು, ಕಣ್ಣು ಮುಚ್ಚಿ, ಆಮೇಲೆ ಗ್ಲಾಸು ಮುಂದೆ ಹಿಡಿದು, "ಇನ್ನೊಂದು ಕೊಡಿ ಸರ್ವೋತ್ತಮಣ್ಣ" ಎಂದಿದ್ದಳು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಕಿಟ್ಟಣ್ಣನ ಕೈಯಿಂದ ಜಯಲತಾ ಎರಡನೇ ಸಲ ಏನನ್ನೂ ಕೇಳಿರಲಿಲ್ಲ. ಆ ಎರಡನೇ ಗ್ಲಾಸು ಒಂದು ವರ್ಷದಿಂದ ಅವರ ಗಂಟಲಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಈ ನವಮಿಗೆ ಅವರಿಗೆ ಬೇಕಾದದ್ದು ಊರಿನ ಹೊಗಳಿಕೆಯಲ್ಲ. ಹೆಂಡತಿಯ ಬಾಯಿಂದ "ಇನ್ನೊಂದು ಕೊಡಿ" ಎಂಬ ಎರಡೇ ಎರಡು ಪದ.

ಅಂದು ಕತ್ತಲಲ್ಲಿ, ನೀರಿನ ಟ್ಯಾಂಕಿನ ಹಿಂದೆ ನಿಂತು, ಆ ಪಾನಕವನ್ನು ತಾವೂ ಮೂರು ಗ್ಲಾಸು ಏರಿಸಿದ್ದನ್ನು ಮಾತ್ರ ಕಿಟ್ಟಣ್ಣ ಯಾರಿಗೂ ಹೇಳಿರಲಿಲ್ಲ. ಶತ್ರುವಿನ ಬಲ ತಿಳಿಯಬೇಕಲ್ಲ, ಅದಕ್ಕೆ. ಮೂರನೆಯದು ಆ ಲೆಕ್ಕಕ್ಕೆ ಬರುವುದಿಲ್ಲ.

ಜಯಲತಾ ಕೂಡ ಪ್ರತಿ ಬೇಸಿಗೆಯಲ್ಲೂ ಸ್ಟೀಲಿನ ತಂಬಿಗೆಯಲ್ಲಿ ಏನೋ ಒಂದು ಮಾಡಿ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಕಿಟ್ಟಣ್ಣ ಅದರತ್ತ ನೋಡದೆ, "ಜ್ವರದವರಿಗೆ ಕೊಡುವ ಕಷಾಯ ನನಗೆ ಬೇಡ" ಎಂದು ಚಹಾ ಕುಡಿದು ಆಫೀಸಿಗೆ ಹೋಗುವವರು. ತುರ್ಭೆಯ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರ್ಸ್ ಇನ್‌ಚಾರ್ಜ್. ನಾಲ್ಕು ಸಾವಿರ ಬಗೆಯ ನಟ್ಟು ಬೋಲ್ಟನ್ನು ಬರೀ ಕಣ್ಣಲ್ಲೇ ಗುರುತಿಸುವವರು ಎಂಬ ಖ್ಯಾತಿ. ಖ್ಯಾತಿ ಹಬ್ಬಿಸಿದವರೂ ಅವರೇ.

ನವಮಿಗೆ ಎರಡು ದಿನ ಇರುವಾಗ, ಯಾವುದೋ ಕೆಲಸಕ್ಕೆ ಕಲ್ಯಾಣದ ಮಾರ್ಕೆಟ್ಟಿಗೆ ಹೋದ ಕಿಟ್ಟಣ್ಣನಿಗೆ ಅಚಾನಕ್ಕಾಗಿ ಸರ್ವೋತ್ತಮನ ಬೆನ್ನು ಕಂಡಿತು. ಅಂಥ ನೆಮ್ಮದಿಯ ಬೆನ್ನು ಡೊಂಬಿವಲಿಯಲ್ಲಿ ಇನ್ನೊಂದಿಲ್ಲ. ಕಿಟ್ಟಣ್ಣ ತಟ್ಟನೆ ಬಾಳೆಗೊನೆಯೊಂದರ ಮರೆಗೆ ಸರಿದರು. ಕೊಂಕಣದ ಚಂದ್ರಬಾಯಿಯ ಅಂಗಡಿಯ ಮುಂದೆ ಸರ್ವೋತ್ತಮ ಐದು ಬಾಟಲಿ ಚೀಲಕ್ಕೆ ಹಾಕಿಕೊಂಡ. ಕಡು ಕೆಂಪು. ಕಿಟ್ಟಣ್ಣ ಗೊನೆಯ ಸಂದಿಯಿಂದ ಇಣುಕಿದರು. ಪುನರ್ಪುಳಿ! ಇಲ್ಲಿಯವರ ಕೋಕಮ್, ಊರಿನ ಪುನರ್ಪುಳಿ ಶರಬತ್ತು! ಹೋದ ವರ್ಷದ ಮಾವಿನಕಾಯಿ ಬರೀ ನೆಪ, ಇದೇ ಗುಟ್ಟು.

ಸರ್ವೋತ್ತಮ ಅಲ್ಲೇ ಸ್ಟೇಷನ್ ರಸ್ತೆಯಲ್ಲಿ ಮೀನೂಟದ ಹೋಟೆಲು ನಡೆಸುತ್ತಾನೆ, ಹೋಟೆಲಿಗೆ ನೂರೆಂಟು ಸಾಮಾನು ಬೇಕಾಗುತ್ತದೆ ಎಂಬುದು ಕಿಟ್ಟಣ್ಣನಿಗೆ ತಿಳಿಯದ್ದೇನಲ್ಲ. ಆದರೆ ಹೊಟ್ಟೆ ಉರಿಯುತ್ತಿರುವಾಗ ತಲೆಗೆ ಕೆಲಸವಿರುವುದಿಲ್ಲ.

ಆ ಬೆನ್ನು ಮರೆಯಾದದ್ದೇ ತಡ, ಅಂಗಡಿಗೆ ಧಾವಿಸಿದರು. "ಆತ್ತಾ ತ್ಯಾಂನೀ ಘೇತ್ಲಂ ನಾ, ತೇಚ್ ದ್ಯಾ. ಪಾಚ್ ಬಾಟ್ಲಿ." ಈಗ ಅವರು ತಗೊಂಡರಲ್ಲ, ಅದೇ ಕೊಡು.

"ದೋನ್ ಪ್ರಕಾರ್ ಆಹೇತ್, ಸಾಹೇಬ್," ಎಂದಳು ಚಂದ್ರಬಾಯಿ. ಎರಡು ಬಗೆ ಇವೆ, ನಿಮಗೆ ಯಾವುದಕ್ಕೆ ಬೇಕು ಎಂದು ವಿವರಿಸಲು ಬಾಯಿ ತೆರೆದಳು.

"ತೇಚ್! ತ್ಯಾಂನೀ ಘೇತ್ಲಂ ತೇಚ್!"

ಚಂದ್ರಬಾಯಿ ಬಾಯಿ ಮುಚ್ಚಿ ಐದು ಬಾಟಲಿ ಕೊಟ್ಟಳು.

ನವಮಿಯ ಸಂಜೆ ಟೆರೇಸಿನಲ್ಲಿ ದೊಡ್ಡ ಸ್ಟೀಲ್ ಹಂಡೆ ವಿರಾಜಮಾನವಾಯಿತು. ಅದನ್ನು ಹೊತ್ತು ತಂದವನು ವಾಚ್‌ಮನ್ ಮಾಪಣ್ಣ, ಕಲಬುರಗಿಯವನು. ಕಿಟ್ಟಣ್ಣ ಒಂದೊಂದೇ ಬಾಟಲಿಯನ್ನು ಅಭಿಷೇಕದಂತೆ ಸುರಿದರು. ನೀರು, ಹುರಿದ ಜೀರಿಗೆ ಪುಡಿ, ಎರಡು ಚಪ್ಪಡಿ ಬರ್ಫ. ಬಣ್ಣ ಮಾಣಿಕ್ಯ.

"ಸಕ್ಕರೆ?" ಎಂದಳು ಜಯಲತಾ.

"ಶರಬತ್ತಿನಲ್ಲೇ ಇರ್ತದೆ. ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ."

"ಪಪ್ಪಾ, ಏಕ್ ಬಾರ್ ಟೇಸ್ಟ್ ತೋ ಕರ್ ಲೋ," ಎಂದಳು ಮಗಳು ದಿಶಾ.

ಕಿಟ್ಟಣ್ಣ ಕಿವಿ ಮುಟ್ಟಿಕೊಂಡರು. "ನೈವೇದ್ಯ ಆಗುವ ಮೊದಲು ರುಚಿ ನೋಡುವುದಾ? ನಿಮ್ಮ ಕಾಲ ಕೆಟ್ಟಿತು. ನಮ್ಮ ಕಡೆ ಮೂಸಿ ಕೂಡ ನೋಡುವ ಕ್ರಮ ಇಲ್ಲ."

ರುಚಿ ಏರಲಿ ಎಂದು ಒಂದು ಹಿಡಿ ಉಪ್ಪನ್ನೂ ಹಾಕಿದರು. ಸಿಹಿ ಎದ್ದು ಕಾಣಬೇಕಾದರೆ ಉಪ್ಪು ಬೇಕಂತೆ, ಮೊಬೈಲಿನಲ್ಲಿ ನೋಡಿದ್ದರು.

ಭಜನೆ ಮುಗಿಯಿತು, ಮಂಗಳಾರತಿ ಆಯಿತು, ಬೆಳ್ಳಿ ಲೋಟದಲ್ಲಿ ನೈವೇದ್ಯವೂ ಆಯಿತು. ಮೊದಲ ಗ್ಲಾಸನ್ನು ಕಿಟ್ಟಣ್ಣ ಎರಡೂ ಕೈಯಲ್ಲಿ ಹಿಡಿದು ಹೆಂಡತಿಗೇ ಕೊಟ್ಟರು. ಅಷ್ಟರಲ್ಲಿ ಅವಸರದವರು ತಾವೇ ಸೌಟು ಹಾಕಿ ಬಗ್ಗಿಸಿಕೊಂಡರು. ಸೆಕೆ ಅಂಥದ್ದು.

ಜಯಲತಾ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಕಿಟ್ಟಣ್ಣ ಕಾದರು. ಅವಳು ಕಣ್ಣು ತೆರೆದಳು. ನೀರು ತುಂಬಿತ್ತು.

"ಇನ್ನೊಂದು ಕೊಡ್ಲಾ?"

"ಮೊದಲು ನೀವೊಂದು ಕುಡೀರಿ."

ಟೆರೇಸಿನ ತುಂಬ ಗ್ಲಾಸುಗಳು ಕೆಳಗಿಳಿದವು. ಒಬ್ಬರು ಪ್ಯಾರಪೆಟ್ ಕಡೆ ಓಡಿದರು. ಒಬ್ಬರು ತುಳಸಿ ಕುಂಡದ ಕಡೆ ನೋಡಿ, ಭಕ್ತಿಯಿಂದ ಮನಸ್ಸು ಬದಲಿಸಿ, ನುಂಗಿದರು. ರಾಮದೇವರೊಬ್ಬರೇ ಮುಖ ಕಿವುಚಲಿಲ್ಲ. ಮೊದಲು ಬಾಯಿ ಬಿಟ್ಟವನು ಮಾಪಣ್ಣ. ಪ್ರಾಮಾಣಿಕ ಮನುಷ್ಯ.

"ಛಲೋ ಅದರೀ ಸಾಹೇಬ್ರ. ಆದ್ರ ಗೇಟ್‌ವೇ ಮುಂದಿನ ಸಮುದ್ರದಾಗ ಬಿದ್ದು ನೀರ ಕುಡದಂಗ ಆಗ್ತದ."

ಕಿಟ್ಟಣ್ಣ ಕುಡಿದು ನೋಡಿದರು. ಮಾಪಣ್ಣ ಮರ್ಯಾದೆ ಇಟ್ಟು ಮಾತಾಡಿದ್ದ.

ಸರ್ವೋತ್ತಮ ಒಂದು ಗುಟುಕು ಬಾಯಲ್ಲಿ ತಿರುಗಿಸಿ, ಹೋಟೆಲಿನವನ ಗಾಂಭೀರ್ಯದಿಂದ ಕೇಳಿದ. "ಕಿಟ್ಟಣ್ಣ, ಇದು ಆಗಳ ಅಲ್ವಾ? ಪುನರ್ಪುಳಿಯನ್ನು ಬರೀ ಉಪ್ಪಿನಲ್ಲಿ ಹಾಕಿ ತೆಗೆದ ರಸ. ನಾನು ಹೋಟೆಲಿಗೆ ತರ್ತೇನೆ, ಮೀನೂಟದ ಜೊತೆ ಕುಡಿಯುವ ಸೋಲ್‌ಕಡಿ ಮಾಡ್ಲಿಕ್ಕೆ. ನಿಮಗೆ ಇದನ್ನು ಪಾನಕಕ್ಕೆ ಹಾಕ್ಲಿಕ್ಕೆ ಯಾರು ಹೇಳಿದ್ದು?"

ಯಾರು ಹೇಳಿದ್ದು! ನಿನ್ನ ಬೆನ್ನು ಹೇಳಿತು ಎನ್ನಲಾಗುತ್ತದೆಯೇ? ಕಿಟ್ಟಣ್ಣ ಬರ್ಫದ ಚಪ್ಪಡಿಯನ್ನು ನೋಡುತ್ತ ನಿಂತರು. ಅದು ಕರಗುತ್ತಿತ್ತು. ಅವರಿಗೆ ಆ ಸೌಕರ್ಯವೂ ಇರಲಿಲ್ಲ.

"ಬಿಸಾಡುವುದು ಬೇಡ," ಎಂದ ಸರ್ವೋತ್ತಮ. "ಸಕ್ಕರೆ ಬೀಳದಿದ್ದದ್ದು ಒಳ್ಳೆಯದಾಯಿತು. ಇದಕ್ಕೆ ತೆಂಗಿನ ಹಾಲು ಹಾಕುವ, ಸೋಲ್‌ಕಡಿಯೇ ಆಗ್ತದೆ. ಬೆಳ್ಳುಳ್ಳಿ ಬೇಡ, ನವಮಿ ಇವತ್ತು. ಯಾರ ಮನೆಯಲ್ಲಿ ಕಾಯಿ ಉಂಟು?"

ಕರಾವಳಿಯವರಿಗೆ ಕೇಳುವ ಪ್ರಶ್ನೆಯೇ ಅದು? ಐದೂ ಮಾಳಿಗೆಯಲ್ಲಿ ಕಾಯಿ ಒಡೆದ ಸದ್ದು ಕೇಳಿ ಎದುರಿನ ಬಿಲ್ಡಿಂಗಿನವರು ಬಾಲ್ಕನಿಗೆ ಬಂದರು. ಮಿಕ್ಸಿಗಳು ಒಟ್ಟಿಗೇ ಗರ್ಜಿಸಿದವು. ಅರ್ಧ ಗಂಟೆಯಲ್ಲಿ ಹಂಡೆಯ ಮಾಣಿಕ್ಯ ತಿಳಿ ಗುಲಾಬಿಯಾಯಿತು. ಮೇಲೆ ಕೊತ್ತಂಬರಿ ಸೊಪ್ಪು ತೇಲಿತು. ಜನ ಮತ್ತೆ ಸಾಲು ನಿಂತರು.

"ಸರ್ವೋತ್ತಮಣ್ಣನ ಕೈಗುಣ," ಎಂದಿತು ಸಾಲು.

ಜಯಲತಾ ಒಂದು ಗ್ಲಾಸು ಕುಡಿದಳು. ಆಮೇಲೆ ಗ್ಲಾಸು ಮುಂದೆ ಹಿಡಿದಳು. ಸೌಟು ಸರ್ವೋತ್ತಮನ ಕೈಯಲ್ಲಿತ್ತು.

ಕಿಟ್ಟಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ಇದೆಲ್ಲ ಇರಲಿ ಮಾರಾಯ. ಹೋದ ವರ್ಷದ್ದಕ್ಕೆ ಎಂತ ಹಾಕಿದ್ದೆ, ಅದನ್ನೊಂದು ಹೇಳು. ಒಂದು ವರ್ಷ ನನಗೆ ಸರಿಯಾಗಿ ನಿದ್ದೆ ಇಲ್ಲ."

ಸರ್ವೋತ್ತಮ ಸೌಟು ಕೆಳಗಿಟ್ಟು ಅವರನ್ನೇ ನೋಡಿದ. "ನಿಮಗೆ ಗೊತ್ತಿಲ್ವಾ? ಅದು ಜಯಲತಕ್ಕ ಹೇಳಿಕೊಟ್ಟದ್ದಲ್ವಾ? ನಮ್ಮ ಮನೆಯವಳು, ದ್ರೌಪದಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಾಳೆ. ಸುಟ್ಟ ಮಾವಿನಕಾಯಿ, ಶುಂಠಿ, ಬೆಲ್ಲ, ಪುದೀನ. ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಯಾವಾಗಲೂ ಇರ್ತದಂತಲ್ಲ?"

ಕಿಟ್ಟಣ್ಣ ಮೆಲ್ಲನೆ ಹೆಂಡತಿಯ ಕಡೆ ತಿರುಗಿದರು. "ಹಾಗಾದರೆ ಆವತ್ತು ನೀನು ಎರಡನೇ ಗ್ಲಾಸು ಕೇಳಿದ್ದು?"

"ಬೆಲ್ಲ ಸ್ವಲ್ಪ ಜಾಸ್ತಿ ಹಾಕಿದ್ದಾರಾ ಅಂತ ನೋಡ್ಲಿಕ್ಕೆ. ಒಂದರಲ್ಲಿ ಗೊತ್ತಾಗ್ಲಿಲ್ಲ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ದರೆ ಟ್ಯಾಂಕಿನ ಹಿಂದೆ ನಿಂತು ಮೂರು ಗ್ಲಾಸು ಕುಡೀತಿದ್ದಿರಾ?"

ಮರುದಿನ ಬೆಳಿಗ್ಗೆ ಕಿಟ್ಟಣ್ಣ ಚಹಾ ಕೇಳಲಿಲ್ಲ. ಸದ್ದಾಗದಂತೆ ಫ್ರಿಜ್ಜು ತೆರೆದು, ಸ್ಟೀಲಿನ ತಂಬಿಗೆ ಎತ್ತಿ, ಒಂದು ಗ್ಲಾಸು ಬಗ್ಗಿಸಿ ಕುಡಿದರು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ತಂಬಿಗೆ ಬಗ್ಗಿಸಿ ನೋಡಿದರೆ ತಳದಲ್ಲಿ ಪುದೀನದ ಎರಡು ಎಲೆ ಮಾತ್ರ. ಅಡುಗೆಮನೆಯ ಬಾಗಿಲಿಗೆ ಹೋಗಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಖಾಲಿ ಗ್ಲಾಸು ಮುಂದೆ ಹಿಡಿದರು.

"ಇನ್ನೊಂದು ಕೊಡ್ತೀಯಾ?"

ಜಯಲತಾ ದೋಸೆ ಮಗುಚಿ ಹಾಕಿದಳು. ತಿರುಗಿ ನೋಡಲಿಲ್ಲ.

"ಮುಗಿಯಿತು. ಸರ್ವೋತ್ತಮಣ್ಣನ ಮನೆಯಲ್ಲಿ ಇರಬಹುದು, ಕೇಳಿ ನೋಡಿ."