ಭಾವನ ಪದಕಗಳಿಗೊಂದು ಮಹಜರು

೧೯೯೬ರಲ್ಲಿ, ಏಳನೇ ಕ್ಲಾಸಿನ ನಡುವೆಯೇ, ನಾನು ಶಾಲೆ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕಬ್ಬಿಣದಿಂದ. ಕುಶಾಲನಗರದ ಹತ್ತಿರ ನನ್ನದೇ ವೆಲ್ಡಿಂಗ್ ಶೆಡ್ಡಿದೆ. ಈ ಸುತ್ತಿನ ಎಷ್ಟೋ ಎಸ್ಟೇಟಿನ ಗೇಟುಗಳು ನನ್ನ ಕೈಯವು. ಗಟ್ಟಿ ಯಾವುದು, ಬರೀ ಬಣ್ಣ ಯಾವುದು ಎಂದು ಬಡಿದು ನೋಡಿ ಹೇಳಬಲ್ಲೆ. ಅದೇ ಧೈರ್ಯದಲ್ಲಿ ಹೇಳುತ್ತೇನೆ: ಭಾವನ ಎರಡು ಶೌರ್ಯ ಪದಕಗಳ ಮೇಲೆ ನನಗೆ ಬಹಳ ಕಾಲ ಅನುಮಾನವಿತ್ತು!

ಭಾವ ಎಂದರೆ ಅಕ್ಕನ ಗಂಡ. ಮನೆ ನನ್ನ ಶೆಡ್ಡಿನ ಎದುರಿಗೇ. ಮೊದಲು ಸೈನಿಕ, ಆಮೇಲೆ ಪೊಲೀಸ್ ಕಾನ್‌ಸ್ಟೇಬಲ್, ಈಗ ನಿವೃತ್ತ. ಸೈನ್ಯದ್ದೊಂದು ಪದಕ, ಪೊಲೀಸಿನದ್ದೊಂದು. ಆದರೆ ಈ ಶೂರರು ಕಾಲಿಗೆ ಜಿಗಣೆ ಹತ್ತಿದರೆ ಅಕ್ಕನನ್ನು ಕೂಗುತ್ತಾರೆ! ಇಂಜೆಕ್ಷನ್ ಎಂದೊಡನೆ ಜ್ವರವೇ ಇಳಿದುಹೋಗುತ್ತದೆ! ಪದಕ ಯಾಕೆ ಕೊಟ್ಟರೆಂದು ಕೇಳಿದರೆ, "ಇಲಾಖೆ ವಿಷ್ಯ" ಎಂದು ಬಾಯಿ ಮುಚ್ಚಿಸುತ್ತಾರೆ. ಅನುಮಾನ ಬರದೆ ಇನ್ನೇನು ಬರುತ್ತದೆ?

ಅನುಮಾನದಲ್ಲಿ ಅವರು ನನಗಿಂತ ಸೀನಿಯರ್. ಸಾರಿಗೆ ಉಪ್ಪು ಹೆಚ್ಚಾದರೆ, "ಇದ್ರ ಹಿಂದೆ ಯಾರಿದಾರೆ?" ಎಂದು ಅಕ್ಕನನ್ನು ವಿಚಾರಿಸುತ್ತಾರೆ!

ಪದಕಗಳಿಗೆ ಗಾಜಿನ ಪೆಟ್ಟಿಗೆ ಮಾಡಿಕೊಡೆಂದು ಅಕ್ಕ ಹೇಳಿದಳು. ಅಳತೆಗೆ ಪದಕ ಬೇಕು. ಭಾವ ತಂದದ್ದು ಒಂದು ಹಾಳೆ. ಮಹಜರು! ಪೊಲೀಸರು ಕಳವಿನ ಮಾಲು ಹಿಡಿದಾಗ ಸಾಕ್ಷಿಗಳ ಮುಂದೆ ಬರೆಯುತ್ತಾರಲ್ಲ, ಅದು. "ಸದರಿ ಪದಕಗಳು ಎರಡು. ಸುಸ್ಥಿತಿಯಲ್ಲಿವೆ. ಸಂಜೆಯೊಳಗೆ ಹಿಂತಿರುಗಿಸತಕ್ಕದ್ದು."

"ಭಾವ, ನಾನು ನಿಮ್ಮ ಹೆಂಡ್ತಿ ತಮ್ಮ!"

"ಸ್ಟೇಷನ್ನಿಗೆ ಬಂದೋರೆಲ್ಲ ಯಾರದೋ ತಮ್ಮಂದ್ರೇ ಕಣಯ್ಯ. ಸಹಿ ಹಾಕು."

ಹಾಕಲಿಲ್ಲ. ಇಷ್ಟು ವರ್ಷ ದುಡಿದ ಕೈ; ಒಂದು ಮೊಳೆ ಕದ್ದೆನೆಂದು ಯಾರೂ ಅಂದಿಲ್ಲ. ನನ್ನನ್ನು ನಂಬದವರ ಕೆಲಸ ನನಗೆ ಬೇಡ ಎಂದೆ. ಪದಕ ಭಾವನ ಟ್ರಂಕಿನಲ್ಲೇ ಉಳಿಯಿತು, ನಮ್ಮ ಮಾತು ನಿಂತಿತು.

ಹೋದ ತಿಂಗಳು ಒಂದು ಸಂಜೆ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಹಿಡಿದಿದ್ದೆ. ಆ ಸದ್ದಿನಲ್ಲಿ ಲೋಕವೇ ಕೇಳುವುದಿಲ್ಲ. ಯಾರೋ ಹಿಂದಿನಿಂದ ಕಾಲರ್ ಹಿಡಿದೆಳೆದರು. ಭಾವ! ಅರೆಸ್ಟ್ ಎಂದುಕೊಂಡು, "ನಾನೇನೂ ಕದ್ದಿಲ್ಲ ಭಾವ!" ಎಂದು ಕಿರುಚಿದೆ. ಅವರು ಎಳೆದುಕೊಂಡು ಹೋಗಿ ತಮ್ಮ ಮನೆಯೊಳಗೆ ದೂಡಿ ಬಾಗಿಲು ಹಾಕಿದರು. ಒಳಗೆ ಅರ್ಧ ಬೀದಿಯೇ ಬಂದು ಸೇರಿತ್ತು. ಕಿಟಕಿಯಿಂದ ನೋಡುತ್ತೇನೆ, ನಾನು ನಿಂತಿದ್ದ ಜಾಗದಲ್ಲಿ ಕಾಡಾನೆ! ನನ್ನ ಹೊಸ ಗೇಟನ್ನು ಹಪ್ಪಳ ಮಾಡುತ್ತಿದೆ!

ಭಾವ ಬಾಗಿಲಿನ ಚಿಲಕವನ್ನು ಮತ್ತೆ ಮತ್ತೆ ಎಳೆದು ನೋಡಿದರು.

"ಹೆದ್ರಿಕೆ ಆಗ್ಲಿಲ್ವಾ ಭಾವ?"

"ಆಗ್ದೆ ಏನಯ್ಯ? ಎಲ್ರಿಗಿಂತ ಮೊದ್ಲು ಓಡ್ಬಂದೋನೇ ನಾನು. ಒಳಗೆ ಬಂದು ತಲೆ ಎಣಿಸ್ದೆ. ಒಂದು ಕಮ್ಮಿ ಇತ್ತು." ಆಮೇಲೆ ತಾವಾಗಿಯೇ ಹೇಳಿದರು: "ಪದಕ ಬಂದಿದ್ದೂ ಹಿಂಗೇ ಕಣಯ್ಯ. ಎರಡು ಸಲಾನೂ ಎಣಿಸ್ದಾಗ ಒಂದು ಕಮ್ಮಿ ಇತ್ತು."

ಮರುದಿನ ಶೆಡ್ಡಿಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಪದಕಗಳನ್ನು ನನ್ನ ಕೈಗಿಟ್ಟರು.

"ಮಹಜರು?"

"ಸುಮ್ನೆ ಇಟ್ಕೊಳಯ್ಯ."

ಪೆಟ್ಟಿಗೆ ಮೂರೇ ದಿನಕ್ಕೆ ಮುಗಿಯಿತು. ನಂಬಿ ಕೊಟ್ಟದ್ದು ಇನ್ನಷ್ಟು ದಿನ ನನ್ನ ಹತ್ತಿರವೇ ಇರಲಿ ಎಂದು ಅವರಿಗಿನ್ನೂ ಹೇಳಿಲ್ಲ. ಈ ಹೊತ್ತು ಮಹಜರು ಬರೆದರೆ ನನ್ನ ಹತ್ತಿರ ಇರುವುದು ಒಂದು ಶೆಡ್ಡು, ಎರಡು ಮಷಿನ್ನು, ಆನೆ ತುಳಿದ ಒಂದು ಗೇಟು, ಭಾವನ ಎರಡು ಪದಕ.