ಹುಣಸೆಬೀಜ ಕಳೆಯುವ ಆಟದಲ್ಲಿ ಒಂದು ಆಕ್ಷೇಪಣೆ

ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗಿ ಕೆಟ್ಟವರನ್ನು ಮನೆಯ ಆಟಗಳಿಗೆ ಸೇರಿಸಿಕೊಳ್ಳಬಾರದು. ನಮಗೆ ದಾಳ ಉರುಳುವ ಮೊದಲು ನಿಯಮ ಬೇಕು. ನಿಯಮ ಸಿಕ್ಕರೆ ಅದರಲ್ಲೊಂದು ದೋಷ ಬೇಕು. ಇದು ಗೊತ್ತಿದ್ದೂ ನಮ್ಮಕ್ಕ ಆ ಭಾನುವಾರ ನನ್ನನ್ನು ತನ್ನ ಮಗಳ ಎದುರು ಚಾಪೆಯ ಮೇಲೆ ಕೂರಿಸಿದಳು. ಎರಡನೇ ಕ್ಲಾಸಿನ ಇಂಚರಳಿಗೆ ಕೂಡುವ ಲೆಕ್ಕ ಸಲೀಸು, ಕಳೆಯುವ ಲೆಕ್ಕ ಕಂಡರೆ ಕಣ್ಣೀರು. ಮರುದಿನದ ಟೆಸ್ಟಿನಲ್ಲಿ ಮತ್ತೆ ತಪ್ಪಿದರೆ ಸಂಜೆಯ ಸೈಕಲ್ ಬಂದ್, ಟ್ಯೂಷನ್ ಶುರು ಎಂದು ಅಕ್ಕ ತೀರ್ಪು ಕೊಟ್ಟಾಗಿತ್ತು. ಉಳಿದದ್ದು ಟೀಚರ್ ಹೇಳಿಕೊಟ್ಟ ಆಟವೊಂದೇ: ಇಬ್ಬರಿಗೂ ಇಪ್ಪತ್ತಿಪ್ಪತ್ತು ಹುಣಸೆಬೀಜ, ದಾಳದಲ್ಲಿ ಬಿದ್ದಷ್ಟನ್ನು ತಮ್ಮ ರಾಶಿಯಿಂದ ತೆಗೆಯಬೇಕು, ಯಾರ ರಾಶಿ ಮೊದಲು ಖಾಲಿಯಾಗುತ್ತದೋ ಅವರು ಗೆದ್ದರು.

“ಎಲ್ಲಾ ಕಳ್ಕೊಂಡವ್ರು ಹೆಂಗೆ ಗೆಲ್ತಾರೆ ಮಾಮ?” ಎಂದಳು ಇಂಚರ. ಒಳ್ಳೆಯ ಪ್ರಶ್ನೆ. ಮೆಟ್ಟಿಲ ಮೇಲೆ ಕೂತಿದ್ದ ಮನೆ ಓನರ್ ಮುನಿಯಮ್ಮಜ್ಜಿ ಬೆಂಬಲ ಸೂಚಿಸಿದರು. “ಅಂಗಾದ್ರೆ ನಾವೂ ಗೆದ್ದಂಗಾಯ್ತು ಬುಡು. ಪೀಣ್ಯದಾಗೆ ಫ್ಯಾಕ್ಟ್ರಿ ಬಂದಾಗ ನಮ್ ಹೊಲ ಎಲ್ಲಾ ಓಯ್ತು.” ಅವರು ಕೂತಿದ್ದ ಮೆಟ್ಟಿಲು ನಾಗಸಂದ್ರದಲ್ಲಿರುವ ಅವರದೇ ನಾಲ್ಕಂತಸ್ತಿನ ಕಟ್ಟಡದ್ದು. ಖಂಡಿಸಬಹುದಿತ್ತು, ಆದರೆ ನಾವು ಬಾಡಿಗೆದಾರರು.

ನನ್ನ ಆಕ್ಷೇಪ ಬೇರೆ. ಇಂಚರ ಬೀಜ ತೆಗೆದ ಮೇಲೆ ಉಳಿದದ್ದನ್ನು ಒಂದೊಂದಾಗಿ ಎಣಿಸುತ್ತಿದ್ದಳು. “ಇದು ಎಣಿಸೋದು ಕಣೇ ಅಕ್ಕ, ಕಳೆಯೋದಲ್ಲ!” ಎಂದು ಕೂಗಿದೆ. ಅಡುಗೆಮನೆಯಿಂದ ಅಕ್ಕ, “ನೀನು ಮೊದ್ಲು ಆಡೋ, ಭಾಷಣ ಆಮೇಲೆ” ಎಂದಳು.

ಅಷ್ಟರಲ್ಲಿ ಅಜ್ಜಿಗೆ ಬೇಸರ ಬಂದಿತ್ತು. ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಹೊಡೆದೇ ಬೆಳೆದವರು ಅವರು. “ಒಡಿಯಾದೇ ಇಲ್ವಾ? ಅದ್ಯಾವ ಸೀಮೆ ಆಟನಪ್ಪ! ನಿನ್ ರಾಶಿ ಅವನ ರಾಶಿಗೆ ಸಮ ಬಂದ್ರೆ ಅವನ್ನ ಒಡೆದಂಗೆ. ಒಡುಸ್ಕೊಂಡವ್ನು ಮತ್ತೆ ಇಪ್ಪತ್ತರಿಂದ ಸುರು ಮಾಡ್ಬೇಕು.” ಆಟದ ನಡುವೆ ಹೊಸ ನಿಯಮ ತರುವಂತಿಲ್ಲ ಎಂದು ಸಕಾರಣವಾಗಿ ವಾದಿಸಿದೆ. ಮತಕ್ಕೆ ಹಾಕಿದಾಗ ನನ್ನ ಕಡೆ ನಾನೊಬ್ಬನೇ ಇದ್ದೆ.

ಅಲ್ಲಿಂದ ಹುಡುಗಿಯ ಕಣ್ಣು ತನ್ನ ರಾಶಿ ಬಿಟ್ಟು ನನ್ನ ರಾಶಿಯ ಮೇಲೆ ನೆಟ್ಟಿತು. ದಾಳವನ್ನು ಮುಷ್ಟಿಯಲ್ಲಿ ಕುಲುಕುತ್ತಾ, ಒಂದು ಬೀಜವನ್ನೂ ಮುಟ್ಟದೆ, “ನಂದು ಹದಿಮೂರು, ಮಾಮಂದು ಎಂಟು... ಐದು ಬೇಕು ಅಜ್ಜಿ!” ಎಂದಳು. ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಹದಿನೈದರಲ್ಲಿ ಒಂಬತ್ತು ಹೋದ್ರೆ?”

“ಆರು. ಇರಮ್ಮ, ಮಾಮನ್ನ ಹೊಡೀಬೇಕು.”

ಬಿದ್ದದ್ದು ಐದು.

ದಾಳ ಚಾಪೆಯ ಅಂಚಿಗೆ ತಾಗಿದೆ, ಮತ್ತೆ ಹಾಕಬೇಕು ಎಂದೆ. “ಒಡುಸ್ಕೊಂಡೋರೆಲ್ಲಾ ಇಂಗೇ ಅನ್ನಾದು,” ಎಂದರು ಅಜ್ಜಿ.

ಸೋಮವಾರ ಇಂಚರ ಟೆಸ್ಟಿನಲ್ಲಿ ಎಲ್ಲ ಲೆಕ್ಕವನ್ನೂ ಸರಿಯಾಗಿ ಮಾಡಿ ಬಂದು, ಸಂಜೆ ಸೈಕಲ್ ಹತ್ತಿದಳು. ಟ್ಯೂಷನ್ ಮಾತು ಅಲ್ಲಿಗೆ ಮುಗಿಯಿತು. ನಾನು ಅದೇ ಚಾಪೆ ಹಾಸಿಕೊಂಡು, ದಾಳ ಎಲ್ಲಿಂದ ಹೇಗೆ ಉರುಳಿ ಎಲ್ಲಿ ತಾಗಿತ್ತು ಎಂಬುದನ್ನು ಅಕ್ಕನಿಗೆ ಸಾಕ್ಷಿ ಸಮೇತ ವಿವರಿಸುತ್ತಿದ್ದೆ. ತಲೆ ಎತ್ತಿ ನೋಡಿದರೆ, ಅಕ್ಕ ಒಳಗೆ ಹೋಗಿ ಎಷ್ಟೋ ಹೊತ್ತಾಗಿತ್ತು.